ದಿಂಬಕ್ಕನ ಬೆನ್ನು

ನನ್ನ ಸೊಸೆಯನ್ನು ನಮ್ಮ ಬೀದಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ದಿಂಬಕ್ಕ ಎನ್ನುತ್ತಾರೆ. ಬಸುರಿ ಹೆಂಗಸರಿಗೆ ಮೈ ಒತ್ತಿಕೊಡುವುದು ಅವಳ ಕೆಲಸ. ಮನೆಮನೆಗೆ ಹೋಗುವಾಗ ದೊಡ್ಡ ಚೀಲದಲ್ಲಿ ನಾಲ್ಕು ದಿಂಬು ತುಂಬಿಕೊಂಡು ಹೊರಡುತ್ತಾಳೆ. ಹೊಟ್ಟೆ ಮುಂದೆ ಬಂದವಳನ್ನು ಬೋರಲು ಮಲಗಿಸುವ ಹಾಗಿಲ್ಲ, ಬಹಳ ಹೊತ್ತು ಅಂಗಾತ ಮಲಗಿಸುವ ಹಾಗೂ ಇಲ್ಲ. ಮಗ್ಗುಲಾಗಿ ಮಲಗಿಸಬೇಕು. ಒಂದು ದಿಂಬು ತಲೆಗೆ, ಒಂದು ಹೊಟ್ಟೆಗೆ ಆಸರೆಯಾಗಿ, ಒಂದು ಮೊಣಕಾಲುಗಳ ನಡುವೆ, ಇನ್ನೊಂದು ಅಪ್ಪಿಕೊಳ್ಳುವುದಕ್ಕೆ. ಎಲ್ಲರ ಮನೆಯಲ್ಲೂ ಅಷ್ಟು ದಿಂಬು ಎಲ್ಲಿರುತ್ತವೆ?

“ಏನಮ್ಮಾ, ಊರು ಬಿಟ್ಟು ಹೊರಟ್ಯಾ?” ಎಂದು ಮೂಲೆಯ ಚಪ್ಪಲಿ ರಿಪೇರಿಯವನು ದಿನಾ ಕೇಳುತ್ತಾನೆ.

“ನಿದ್ದೆ ಮಾರೋಕೆ ಹೊರಟೆ, ನಿಂಗೂ ಬೇಕಾ?” ಎಂದು ಇವಳೂ ದಿನಾ ಹೇಳುತ್ತಾಳೆ.

ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದಾಗ ಅಲ್ಲಿಯ ಹಿರಿಯ ನರ್ಸಮ್ಮನಿಂದ ಕಲಿತ ಕೆಲಸ ಇದು. ಕೈ ಮುಟ್ಟಿಸುವ ಮೊದಲು ಅವಳು ಮಂಚದ ಪಕ್ಕ ಕುಳಿತು ವಿಚಾರಿಸುತ್ತಾಳೆ. ರಕ್ತ ಕಾಣಿಸಿಕೊಂಡಿದೆಯಾ? ತಲೆ ಸಿಡಿದು ಕಣ್ಣು ಮಂಜಾಗುತ್ತದಾ? ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತದಾ? ಒಂದಕ್ಕೆ ಹೌದು ಎಂದರೂ ಚೀಲ ಎತ್ತಿಕೊಂಡು ನಿಲ್ಲುತ್ತಾಳೆ. “ಮೊದಲು ಡಾಕ್ಟ್ರು, ಆಮೇಲೆ ನಾನು. ಏಳಿ, ಆಟೋ ಕರೀತೀನಿ.” ಹೊಟ್ಟೆಯನ್ನು ಅವಳು ಒತ್ತುವುದೇ ಇಲ್ಲ. ಮೀನಖಂಡದ ಮೇಲೆ ಅಂಗೈ ಮೆಲ್ಲಗೆ ಸವರಿಕೊಂಡು ಹೋಗುತ್ತದೆ, ಅಷ್ಟೆ.

ಒಮ್ಮೆ ಚೀಲ ಹೊರಲು ನಾನೂ ಜೊತೆಗೆ ಹೋಗಿದ್ದೆ. ಆ ಮನೆಯ ಟೀಚರಮ್ಮ ಸೊಂಟ ನೋವಿನಿಂದ ಕುರ್ಚಿಯ ಮೇಲೂ ಕೂರಲಾರದೆ ಒದ್ದಾಡುತ್ತಿದ್ದಳು. ಮಲಗಿದ್ದೇ ಗಂಡನ ಮೇಲೆ ದೂರು ಶುರು ಮಾಡಿದಳು: “ನಮ್ಮ ಮನೆಯವರಿಗೆ ಹೇಳಿದ್ರೆ ಕೇಳಿಸೋದೇ ಇಲ್ಲ, ಮೊನ್ನೆ ಏನಾಯ್ತು ಅಂದ್ರೆ...” ಮೊನ್ನೆ ಏನಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮಾತಿನ ನಡುವೆಯೇ ಗೊರಕೆ ಹೊಡೆದಳು.

ಇಂಥವಳು ತಾನೇ ಬಸುರಿಯಾದಾಗ ಬೆನ್ನು ಮುಟ್ಟಲು ಯಾರನ್ನೂ ಬಿಡಲಿಲ್ಲ.

ಅದಕ್ಕೊಂದು ಕಾರಣವಿತ್ತು. ನನಗೆ ಆಮೇಲೆ ತಿಳಿದದ್ದು, ಆದರೂ ಇಲ್ಲೇ ಹೇಳಿಬಿಡುತ್ತೇನೆ. ಇದಕ್ಕೆ ಮುಂಚೆ ಅವಳಿಗೆ ಒಂದು ಬಸಿರು ನಿಂತು, ಮೂರು ತಿಂಗಳು ತುಂಬುವುದರೊಳಗೆ ಹೋಗಿತ್ತು. ಅದರ ಹಿಂದಿನ ಸಂಜೆ, ಸುಸ್ತಾಗಿ ಬಂದಿದ್ದ ಹೆಂಡತಿಯ ಪಾದಗಳನ್ನು ನನ್ನ ಮಗ ಒತ್ತಿದ್ದ. ಅವನು ಬೇಕರಿಯಲ್ಲಿ ಹಿಟ್ಟು ನಾದುವವನು. ಕೈಗಳೋ, ಒಂದೊಂದೂ ಸೌದೆಯ ಕೊರಡಿನ ಹಾಗಿವೆ. ಮಾರನೆಯ ದಿನ ಹಾಗಾಯಿತು. ಆಮೇಲೆ ಅವನು ಅವಳ ಕಾಲಿಗೆ ಕೈ ಹಚ್ಚಲಿಲ್ಲ, ಅವಳು ಒತ್ತಿ ಎನ್ನಲಿಲ್ಲ. ಇಬ್ಬರೂ ಆ ಸಂಜೆಯ ಮಾತನ್ನೇ ಎತ್ತಲಿಲ್ಲ.

ಈ ಸಲ ಆರು ತಿಂಗಳು ಸುಸೂತ್ರವಾಗಿ ಕಳೆದವು. ಆಮೇಲೆ ಸೊಂಟ ಹಿಡಿಯಿತು. ಮಗ್ಗುಲು ಬದಲಿಸುವುದಕ್ಕೂ ಗೋಡೆ ಹಿಡಿಯಬೇಕು. ನಿದ್ದೆಯಿಲ್ಲದೆ ಮುಖ ಬಾಡಿತು.

“ಬಾರೇ, ನಾನಾದ್ರೂ ಸ್ವಲ್ಪ ನೀವಲಾ?” ಎಂದೆ.

“ಬೇಡ ಅತ್ತೆ.”

“ಊರಿಗೆಲ್ಲ ಏನೂ ಆಗಲ್ಲ ಅಂತ ಧೈರ್ಯ ಹೇಳ್ತೀಯಲ್ಲೇ?”

“ಊರಿಗೆ ಹೇಳೋದೇ ಬೇರೆ ಅತ್ತೆ.”

ಆದರೂ ಕೆಲಸಕ್ಕೆ ಹೋಗುವುದನ್ನು ಬಿಡಲಿಲ್ಲ. ಒಂದು ದಿನ ಟೀಚರಮ್ಮನೇ ಇವಳನ್ನು ಆಟೋದಲ್ಲಿ ಮನೆಗೆ ಕರೆತಂದಳು. ಬೆನ್ನು ಒತ್ತುತ್ತ ಒತ್ತುತ್ತ ಇವಳು ಅವಳ ಹೆಗಲ ಮೇಲೆ ತಲೆಯಿಟ್ಟು ನಿದ್ದೆಹೋಗಿದ್ದಳಂತೆ. “ನಾನೇ ಇವಳಿಗೆ ಹೊದಿಕೆ ಹೊದಿಸಿ ಕೂತೆ ಅಮ್ಮಾ” ಎಂದು ಟೀಚರಮ್ಮ ನಕ್ಕಳು. ನನ್ನ ಮಗ ನಗಲಿಲ್ಲ. ಮರುದಿನ ರಜೆ ಹಾಕಿ ಅವಳನ್ನೂ ನನ್ನನ್ನೂ ಆಸ್ಪತ್ರೆಗೆ ಹೊರಡಿಸಿದ.

ಡಾಕ್ಟರಮ್ಮ ಬಿಪಿ ನೋಡಿದರು, ಕಾಲು ನೋಡಿದರು, ಮಗುವಿನ ಎದೆಬಡಿತ ಕೇಳಿದರು. “ಎಲ್ಲ ಚೆನ್ನಾಗಿದೆ. ನಿದ್ದೆ ಒಂದು ಸಾಲದು. ಮನೇಲಿ ಯಾರಾದ್ರೂ ಬೆನ್ನು ಒತ್ತುತ್ತಾರಾ? ಬೇರೆಯವರಿಗೆಲ್ಲ ನೀನೇ ಮಾಡ್ತೀಯಲ್ಲ.”

ಸೊಸೆ ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಕುಳಿತಳು. ಆಮೇಲೆ ಕೇಳಿದಳು: “ಡಾಕ್ಟ್ರಮ್ಮಾ, ಹೋದ ಸಲ ಹಿಂದಿನ ದಿನ ಪಾದ ಒತ್ತಿಸಿಕೊಂಡಿದ್ದೆ. ಅದಕ್ಕೇ ಹೋಯ್ತಾ?”

ಡಾಕ್ಟರಮ್ಮ ಕನ್ನಡಕ ತೆಗೆದರು. “ಇಲ್ಲಮ್ಮಾ. ಅಷ್ಟು ಬೇಗ ಹೋಗುವ ಬಸಿರು ಹೆಚ್ಚಾಗಿ ಬೀಜವೇ ಸರಿಯಾಗಿ ಕೂಡದೆ ಹೋಗೋದು. ಪಾದ ಒತ್ತಿದ್ದಕ್ಕೆ ಹೋಗಲ್ಲ.”

ನನ್ನ ಮಗ ಕುರ್ಚಿಯಿಂದ ಎದ್ದ, ಮತ್ತೆ ಕುಳಿತ. “ಒತ್ತಿದ್ದು ನಾನು” ಎಂದ. “ಇಷ್ಟು ದಿನ ನನ್ನ ಕೈಯಿಂದಲೇ ಆಯ್ತು ಅಂದ್ಕೊಂಡಿದ್ದೆ” ಎಂದ.

“ಅಂದ್ಕೊಂಡಿದ್ದೀರಿ ಅಂತ ನಂಗೆ ಗೊತ್ತಿತ್ತು ರೀ” ಎಂದಳು ಸೊಸೆ. “ಅದಕ್ಕೇ ಕೇಳೋಕೆ ಭಯ. ಇವರು ಹೌದು ಅಂದುಬಿಟ್ಟಿದ್ರೆ ನೀವು ಏನಾಗ್ತಿದ್ರಿ?”

ಡಾಕ್ಟರಮ್ಮ ಅವನ ಕಡೆಗೇ ತಿರುಗಿ, ಹೇಗೆ ಒತ್ತಬೇಕು, ಎಲ್ಲಿ ಕೈ ಇಡಬಾರದು, ಯಾವಾಗ ನಿಲ್ಲಿಸಿ ಆಸ್ಪತ್ರೆಗೆ ಓಡಿಬರಬೇಕು ಎಂದು ಬಿಡಿಸಿ ಹೇಳಿದರು. ಅದೆಲ್ಲ ಸೊಸೆ ಹೇಳುವುದೇ. ಆದರೂ ಅವನು ಹೊಸದಾಗಿ ಕೇಳುವವನ ಹಾಗೆ ತಲೆ ಅಲ್ಲಾಡಿಸುತ್ತ ಕೇಳಿದ.

ಮನೆಗೆ ಬಂದ ಮೇಲೆ ಒಂದು ತಕರಾರಾಯಿತು. ಅವಳು ಒಪ್ಪಿದರೆ ಇವನು ಒಪ್ಪಲೊಲ್ಲ. “ನನ್ನ ಕೈ ಒರಟು. ಅಮ್ಮನೇ ಒತ್ತಲಿ.”

“ಒರಟಾದ್ರೆ ಕಲಿಯಿರಿ. ಮೊದಲು ಅತ್ತೆ ಮೇಲೆ ಅಭ್ಯಾಸ ಆಗಲಿ” ಎಂದಳು ಅವಳು. ನನ್ನನ್ನು ಯಾರೂ ಕೇಳಲಿಲ್ಲ. ಹಾಸಿಗೆ ಹಾಸಿ, ಮಗ್ಗುಲಾಗಿ ಮಲಗಿಸಿ, ದಿಂಬುಗಳನ್ನೆಲ್ಲ ಜೋಡಿಸಿದರು. ಅವನ ಕೈ ಬಿದ್ದದ್ದೇ ತಡ, ನನ್ನ ಉಸಿರೆಲ್ಲ ಹೊರಗೆ ಬಂತು.

“ಅಯ್ಯೋ ಪಾಪಿ! ನಿನ್ನ ಹೆತ್ತವಳು ಕಣೋ ನಾನು, ಮೈದಾ ಅಲ್ಲ!”

ಸೊಸೆ ಹೊಟ್ಟೆ ಹಿಡಿದುಕೊಂಡು ನಕ್ಕಳು. “ರೀ, ಬೆನ್ನುಮೂಳೆ ಬಿಟ್ಟುಬಿಡಿ. ಅದರ ಆ ಪಕ್ಕ, ಈ ಪಕ್ಕ, ಅಂಗೈಯಿಂದ. ತಳ್ಳಬೇಡಿ. ಕೈ ಭಾರ ಇಡಿ, ಕೆಳಗಿಂದ ಮೇಲಕ್ಕೆ ಬನ್ನಿ.”

“ಇಷ್ಟು ಹಗುರವಾಗಾ? ಹೀಗೆ ಮಾಡಿದ್ರೆ ಹಿಟ್ಟು ಉಬ್ಬೋದೇ ಇಲ್ಲ.”

“ಉಬ್ಬೋದು ಬೇಡ. ಮಲಗಿದವರು ಮಲಗಿರಲಿ, ಸಾಕು.”

ಒಂದು ವಾರ ನನ್ನ ಬೆನ್ನಿನ ಮೇಲೆ ಪಾಠ ನಡೆಯಿತು. ಸುಳ್ಳೇಕೆ ಹೇಳಲಿ, ವಾರದ ಕೊನೆಗೆ ನನಗೇ ಅದರ ರುಚಿ ಹತ್ತಿ, ಪಾಠ ಇನ್ನೂ ಮುಗಿದಿಲ್ಲ ಎಂದು ವಾದಿಸಿದೆ.

ಮರುದಿನ ಮಧ್ಯಾಹ್ನ ಅವನು ಬೇಕರಿಯಿಂದ ಬಂದು ಕೈಕಾಲು ತೊಳೆದುಕೊಳ್ಳುವಷ್ಟರಲ್ಲಿ ಅವಳು ತಾನೇ ದಿಂಬು ಜೋಡಿಸಿಕೊಂಡು ಎಡಮಗ್ಗುಲಿಗೆ ಮಲಗಿದ್ದಳು. “ಬನ್ನಿ” ಎಂದಳು. ಅವನು ಪಕ್ಕದಲ್ಲಿ ಕುಳಿತ. ಕೈ ಚಾಚಿ, ಅವಳ ಬೆನ್ನಿನಿಂದ ಒಂದು ಗೇಣು ದೂರದಲ್ಲೇ ನಿಲ್ಲಿಸಿದ.

“ಇಡ್ರೀ, ಸುಡಲ್ಲ.”

ಇಟ್ಟ. ಅವಳ ಭುಜ ಒಂದು ಕ್ಷಣ ಬಿಗಿಯಿತು. ನಾನು ಬಾಗಿಲಲ್ಲಿ ಬಟ್ಟೆ ಮಡಿಸುತ್ತಿದ್ದವಳು ಹಾಗೇ ನಿಂತೆ. ಅವನ ಅಂಗೈ ಅಲುಗಾಡದೆ ಅಲ್ಲೇ ಕಾಯಿತು. ಸ್ವಲ್ಪ ಹೊತ್ತಿಗೆ ಭುಜ ಸಡಿಲಾಗಿ ಕೆಳಗಿಳಿಯಿತು. ಆಮೇಲೆಯೇ ಅವನು ಕೈ ಆಡಿಸಿದ್ದು.

“ನೋವಾಯ್ತಾ?”

“ಇಲ್ಲ.”

“ಈಗ?”

“ಇನ್ನೊಂದು ಸಲ ಕೇಳಿದ್ರೆ ಎದ್ದು ಹೋಗ್ತೀನಿ ನೋಡಿ.”

ಅವನು ಕೇಳಲಿಲ್ಲ. ಅಷ್ಟರಲ್ಲಿ ಅವಳಿಗೆ ನಿದ್ದೆ ಬಂದಿತ್ತು. ಅವನ ಕೈ ಸೊಂಟದ ಮೇಲೆಯೇ ಉಳಿಯಿತು. ಬಹಳ ಹೊತ್ತಾದ ಮೇಲೆ ಕಣ್ಸನ್ನೆ ಮಾಡಿ ನನ್ನನ್ನು ಕರೆದ. “ಅಮ್ಮಾ, ಕೈ ಜೋಮು ಹಿಡೀತು. ತೆಗೀಲಾ?” ಎಂದು ಪಿಸುಗುಟ್ಟಿದ.

“ಎಷ್ಟು ದಿನಕ್ಕೆ ಕಣ್ಣು ಮುಚ್ಚಿದ್ದಾಳೆ. ಸುಮ್ನೆ ಕೂತ್ಕೋ” ಎಂದೆ.

ಅಲ್ಲಿಂದ ಮುಂದೆ ದಿನಾ ಮಧ್ಯಾಹ್ನ ಅದೇ ನಡೆಯಿತು. ಸೊಂಟದ ನೋವು ಪೂರ್ತಿ ಹೋಗಲಿಲ್ಲ, ಆದರೆ ಗೋಡೆ ಹಿಡಿಯುವುದು ತಪ್ಪಿತು. ಮುಖದಲ್ಲಿ ಕಳೆ ಬಂತು. ದಿನ ತುಂಬಿ ಹೆರಿಗೆ ನೋವು ಶುರುವಾದಾಗಲೂ ಅವನೇ ಜೊತೆಗಿದ್ದ. “ಸೊಂಟ ಒತ್ತಿ! ಇನ್ನೂ ಜೋರಾಗಿ ಒತ್ತ್ರೀ!” ಎಂದು ಅವಳು ಕೂಗಿದ್ದು ವರಾಂಡದಲ್ಲಿದ್ದ ನನಗೂ ಕೇಳಿಸಿತು. ಡಾಕ್ಟರಮ್ಮನೂ ಹೂಂ ಒತ್ತಿ ಎಂದರಂತೆ.

ಹೆಣ್ಣು ಮಗು. ತಾಯಿ ಮಗು ಇಬ್ಬರೂ ಕ್ಷೇಮ. ಅವನು ಮಗುವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಾಗಿಲಿಗೆ ಬಂದ. ನಾನು ತೋಳು ಚಾಚಿದೆ. “ಕೊಡೋ, ಕೈ ನಡುಗೀತು ನಿಂದು.”

“ನಡುಗ್ತಾ ಇಲ್ಲಮ್ಮಾ, ನೋಡು ಬೇಕಾದ್ರೆ” ಎಂದ. “ಇನ್ನೊಂದು ಸ್ವಲ್ಪ ಹೊತ್ತು ನನ್ನ ಹತ್ರಾನೇ ಇರಲಿ.”