ಹುಣಸೆ ನೀರಲ್ಲಿ ತೊಳೆದ ಕಲ್ಲುಗಳು

ಇವತ್ತು ಬೆಳಿಗ್ಗೆ ಸಾರಿಗೆಂದು ಹುಣಸೆಹಣ್ಣು ನೆನೆಹಾಕಿದೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಲವತ್ತು ವರ್ಷದ ಹಿಂದಿನ ನನ್ನ ಅಪರಾಧ ಎದುರು ಬಂದು ನಿಂತಿತು. ಗಾಬರಿಯಾಗಬೇಡಿ. ನಾನು ಒಂಬತ್ತು ಕಲ್ಲುಗಳನ್ನು ತೊಳೆದೆ, ಅಷ್ಟೇ.

ನಮ್ಮ ಯಜಮಾನರು ಶ್ರೀನಿವಾಸಪುರದ ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟ್ರು. ಭಾನುವಾರ ಬಂತೆಂದರೆ ಬೇರೆ ಗಂಡಂದಿರು ಸಂತೆಗೋ ಸಿನಿಮಾಗೋ ಹೋಗುತ್ತಿದ್ದರು. ಇವರು ಮೊದಲ ಬಸ್ಸು ಹತ್ತಿ ಬೆಟ್ಟಕ್ಕೆ. ಸಂಜೆ ಅವರ ಬ್ಯಾಗಿನಿಂದ ತರಕಾರಿಯ ಬದಲು ನಿಂಬೆಹಣ್ಣಿನ ಗಾತ್ರದ ಕಲ್ಲುಗಳು ಇಳಿಯುತ್ತಿದ್ದವು. ಬೆಳ್ಳನೆಯ ಗ್ರಾನೈಟಿನ ಮೈಗೆ ಕಪ್ಪು ಸೂಜಿ ಚುಚ್ಚಿದಂಥ ಕಲ್ಲುಗಳು. ಆ ಸೂಜಿಗೆ ಟೂರ್ಮಲಿನ್ ಎಂದು ಹೆಸರಂತೆ. ಕೆಲವು ನನ್ನ ತವರು ರಾಯಲ್ಪಾಡಿನವು, ಕೆಲವು ಅವರ ಊರು ಬೈರಕೂರಿನವು. ಗುರುತಿಗೆ ಒಂದೊಂದಕ್ಕೂ ಊರಿನ ಹೆಸರು ಬರೆದು, ಮೈದಾ ಅಂಟಿನಲ್ಲಿ ಅಂಟಿಸಿದ ಚೀಟಿ.

"ನಿಮ್ಮೂರ ಬಂಡೆ, ನಮ್ಮೂರ ಬಂಡೆ ಒಂದೇ ತಾಯಿ ಮಕ್ಕಳು ಕಣೇ. ಒಂದಿನ ಪ್ರೂವ್ ಮಾಡ್ತೀನಿ, ನೋಡ್ತಿರು," ಎನ್ನುತ್ತಿದ್ದರು.

"ಹಂಗಾದ್ರೆ ನಾವಿಬ್ರೂ ಅಣ್ಣ ತಂಗಿ ಆದ್ವಲ್ರೀ! ನಮ್ಮಪ್ಪನಿಗೆ ಮದುವೆಗೆ ಮುಂಚೇನೇ ಹೇಳಬಾರದಿತ್ತಾ?" ಎಂದು ನಾನು.

ನಾನೋ ಕೋಲಾರದ ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿನ ಸಿಸ್ಟರ್‌ಗಳು ಉಗುರು ಚೆಕ್ ಮಾಡಿಯೇ ಕ್ಲಾಸಿಗೆ ಬಿಡುತ್ತಿದ್ದರು. ಕಲಿತ ಇಂಗ್ಲಿಷ್ ಅರ್ಧ ಮರೆತಿದ್ದೇನೆ. ಧೂಳು ಕಂಡರೆ ಮೈ ಉರಿಯುವುದು ಮಾತ್ರ ಹಾಗೇ ಉಳಿದಿದೆ. ಯುಗಾದಿಗೆ ಎರಡು ದಿನ ಮುಂಚೆ ಹಿತ್ತಾಳೆಯ ದೀಪ, ತಂಬಿಗೆಗಳನ್ನು ಹುಣಸೆ ನೀರಿನ ಟಬ್ಬಿಗೆ ಹಾಕಿದ್ದೆ. ಕಿಟಕಿಯ ಕಟ್ಟೆಯಲ್ಲಿ ಕಲ್ಲುಗಳು ಧೂಳು ಹೊದ್ದು ಕೂತಿದ್ದವು. ಹಬ್ಬ ಅವಕ್ಕೂ ಇರಲಿ ಎಂದು ಒಂಬತ್ತನ್ನೂ ಅದೇ ಟಬ್ಬಿಗೆ ಇಳಿಸಿ, ತೆಂಗಿನ ನಾರಿನಿಂದ ಉಜ್ಜಿದೆ. ಏನು ಹೊಳಪು ಅಂತೀರಿ! ತೇಲಿದ ಚೀಟಿಗಳು ನೀರಿನ ಜೊತೆ ಬಚ್ಚಲಿಗೆ ಹೋದವು.

ಮೇಷ್ಟ್ರು ಬಂದರು. "ಏನೇ, ಇವಕ್ಕೂ ಅಭ್ಯಂಜನ ಮಾಡಿಸ್ಬಿಟ್ಯಾ?" ಎಂದು ನಗುತ್ತಲೇ ಒಂದು ಕಲ್ಲು ಎತ್ತಿಕೊಂಡರು. ಇನ್ನೊಂದನ್ನು ಎತ್ತಿಕೊಂಡರು. ತಿರುಗಿಸಿ ತಿರುಗಿಸಿ ನೋಡಿದರು. ಯಾವುದು ಯಾವ ಊರಿನದೆಂದು ಗೊತ್ತಾಗಲಿಲ್ಲ. ನಗು ನಿಂತಿತು. ಕಡೆಗೆ "ಪೋನೀಲೇ" ಎಂದರು. ಹೋಗಲಿ ಬಿಡು ಅಂತ. ನಮ್ಮ ತವರಿನಿಂದ ಅವರು ಕಲಿತುಕೊಂಡ ಒಂದೇ ತೆಲುಗು ಮಾತು.

ಅದೇ ಜೂನ್‌ನಲ್ಲಿ ಮಾಲೂರಿಗೆ ಟ್ರಾನ್ಸ್‌ಫರ್ ಆಯಿತು. ಕಲ್ಲುಗಳು ಬಿಸ್ಕತ್ತಿನ ಡಬ್ಬಿ ಸೇರಿ ಅಟ್ಟ ಹತ್ತಿದವು. ಅವರು ಮತ್ತೆ ಬೆಟ್ಟಕ್ಕೆ ಹೋಗಲಿಲ್ಲ. ಬೈದಿದ್ದರೆ ನಾನೂ ಎರಡು ಬೈದು ಮರೆಯುತ್ತಿದ್ದೆ. ಅವರು ತೀರಿಕೊಂಡು ಹನ್ನೊಂದು ವರ್ಷವಾದರೂ ಒಂದೇ ಕೊರಗು: ಅವರು ಕಂಡದ್ದು ನಿಜವಾಗಿದ್ದು, ನಾನದನ್ನು ಬಚ್ಚಲಿಗೆ ಚೆಲ್ಲಿಬಿಟ್ಟೆನೇ?

ಕಳೆದ ವರ್ಷ ನನ್ನ ತಂಗಿಯ ಮೊಮ್ಮಗಳು ಸಿಂಧು ಬಂದಳು. ಜಿಯಾಲಜಿಯಲ್ಲಿ ರಿಸರ್ಚ್ ಮಾಡುವ ಹುಡುಗಿ. ಮುಳಬಾಗಿಲು ಕಡೆಯ ಬಂಡೆಗಳನ್ನು ನೋಡಲು ಬಂದವಳು ನಮ್ಮಲ್ಲೇ ಉಳಿದಳು. ಅಟ್ಟದಿಂದ ಡಬ್ಬಿ ಇಳಿಸಿ, ಚೀಟಿ ತೊಳೆದ ಕಥೆ ಹೇಳಿದೆ. ಅವಳ ಕಣ್ಣು ಅರಳಿತು.

"ಅಜ್ಜಿ, ಒಂದೊಂದ್ರಿಂದ ಉಗುರಷ್ಟು ಚೂರು ಕೊಡ್ತೀಯಾ? ಲ್ಯಾಬಲ್ಲಿ ಇವೇ ತಮ್ಮ ಊರು ಹೇಳ್ತವೆ."

"ಅಡ್ರೆಸ್ಸನ್ನೇ ತೊಳೆದುಬಿಟ್ಟಿದ್ದೀನಲ್ಲೇ."

"ನೀನು ತೊಳೆದಿದ್ದು ಚೀಟಿ. ಒಳಗಿರೋದನ್ನ ನಿನ್ನ ಹುಣಸೆಹಣ್ಣು ಏನು ಮಾಡುತ್ತೆ?"

ಅವಳ ಲೆಕ್ಚರಿನಲ್ಲಿ ನನಗೆ ದಕ್ಕಿದ್ದು ಇಷ್ಟು. ಗ್ರಾನೈಟ್ ಒಂದು ಕಾಲಕ್ಕೆ ಕುದಿಯುವ ಪಾಕ. ಅದರೊಳಗೆ ಬೋರಾನ್ ಎಂಬುದೊಂದು ನಖರಾದ ನೆಂಟ. ಬೇರೆ ಖನಿಜಗಳ ಮನೆಯಲ್ಲಿ ಕೂರಲು ಒಪ್ಪದೆ ಟೂರ್ಮಲಿನ್ ಮನೆಯಲ್ಲೇ ಠಿಕಾಣಿ ಹೂಡುತ್ತದೆ. ಆ ಬೋರಾನಿನಲ್ಲೇ ಎರಡು ಬಗೆ, ತುಸು ಹಗುರದ್ದು, ತುಸು ಭಾರದ್ದು, ಐಸೋಟೋಪ್ ಎನ್ನುತ್ತಾರೆ. ಹಳೆಯ ಕೆಸರುಮಣ್ಣು ಭೂಮಿಯಾಳಕ್ಕಿಳಿದು ಕರಗಿ ಆದ ಪಾಕವಾದರೆ ಸಾಮಾನ್ಯವಾಗಿ ಹಗುರದ ಪಾಲು ಹೆಚ್ಚು. ಸಮುದ್ರದ ನೀರು ಕುಡಿದಿದ್ದ ಕಲ್ಲಿನಿಂದ ಬಂದದ್ದಾದರೆ ಭಾರದ್ದು. ಟೂರ್ಮಲಿನ್ನಿನಲ್ಲಿ ಕಬ್ಬಿಣ ಎಷ್ಟು, ಮೆಗ್ನೀಸಿಯಂ ಎಷ್ಟು ಎಂದೂ ನೋಡುತ್ತಾರಂತೆ. ಹರಳು ಪದರದ ಮೇಲೆ ಪದರವಾಗಿ ಬೆಳೆಯುವುದರಿಂದ ನಡುವಿನಲ್ಲಿ ಅದರ ಬಾಲ್ಯ, ಅಂಚಿನಲ್ಲಿ ಮುಪ್ಪು. ನನ್ನ ಹಾಗೆ ಅರ್ಧ ಮರೆಯುವ ಜಾತಿಯಲ್ಲ.

ಚೂರು ಕೊಡಲು ನಾಲ್ಕು ದಿನ ಸತಾಯಿಸಿದೆ. ಕಲ್ಲಿನ ಮೇಲೆ ಪ್ರೀತಿ ಎಂದುಕೊಂಡಳು ಸಿಂಧು. ನನಗಿದ್ದದ್ದು ಹೆದರಿಕೆ. ಮೇಷ್ಟ್ರು ಹೇಳಿದ್ದೇ ಸರಿ ಎಂದಾಗಿಬಿಟ್ಟರೆ ಈ ವಯಸ್ಸಿನಲ್ಲಿ ಆ ಸಂಕಟವನ್ನು ಎಲ್ಲಿಟ್ಟುಕೊಳ್ಳಲಿ? ಕೊನೆಗೆ ಕೊಟ್ಟೆ. ಅವಳು ಎರಡೂ ಊರಿನ ಬಂಡೆಗಳಿಂದ ಹೊಸ ಚೂರುಗಳನ್ನೂ ಒಡೆದುಕೊಂಡು ಹೋದಳು, ಹೋಲಿಸಿ ನೋಡಲು.

ಇವತ್ತು ಸಾರು ಕುದಿಯುತ್ತಿರುವಾಗ ಅವಳ ಫೋನ್.

"ಅಜ್ಜಿ, ನಾಲ್ಕು ರಾಯಲ್ಪಾಡಿಂದು, ನಾಲ್ಕು ಬೈರಕೂರಿಂದು. ಎರಡೂ ಬೇರೆ ಬೇರೆ ಪಾಕ ಅನ್ಸುತ್ತೆ. ಒಂದೇ ತಾಯಿ ಮಕ್ಕಳಲ್ಲ. ತಾತಂದು ತಪ್ಪು."

ಕುರ್ಚಿ ಎಳೆದುಕೊಂಡು ಕೂತೆ. ನಾನು ಚೆಲ್ಲಿದ್ದು ಬರೀ ಕೊಳೆ ನೀರು. ಗಂಡನ ಲೆಕ್ಕಾಚಾರ ತಪ್ಪಿತೆಂದು ಹೆಂಡತಿ ಇಷ್ಟು ಹಗುರಾಗಬಾರದು, ಆದೆ. ಗೆದ್ದೆ ಎಂದು ಆಡಿಕೊಳ್ಳೋಣವೆಂದರೆ ಸೋತವರು ಎದುರಿಗಿಲ್ಲ.

"ನಾಲ್ಕು ನಾಲ್ಕು ಎಂಟಾಯ್ತಲ್ಲೇ. ಇನ್ನೊಂದು?"

"ಅದಾ? ಎರಡೂ ಊರಿಂದೂ ಅಲ್ಲ. ತಾತ ಎಲ್ಲಿಂದ ತಂದಿದ್ರೋ, ನೀನೇ ಹೇಳಬೇಕು."

ನನಗೇನು ಗೊತ್ತು? ನಡುಮನೆಗೆ ಹೋದೆ. ಹನ್ನೊಂದು ವರ್ಷದಿಂದ ಅವರ ಫೋಟೋಗೆ ತಲೆ ತಗ್ಗಿಸಿಕೊಂಡೇ ಹೂವಿಡುತ್ತಿದ್ದವಳು ಸೊಂಟಕ್ಕೆ ಕೈಯಿಟ್ಟು ಎದುರು ನಿಂತೆ.

"ಏನ್ರೀ, ನನಗೆ ಹೇಳದೆ ಇನ್ಯಾವ ಊರಿಗೆ ಹೋಗಿದ್ರಿ?"

ಬದುಕಿದ್ದಾಗಲೂ ಇಂಥ ಪ್ರಶ್ನೆಗೆ ಅವರು ಹೀಗೇ ನಗುತ್ತಿದ್ದರು.