ಉಸ್ತಾದರು ಹಾಕಿದ ಕಲ್ಲು

ಇದನ್ನು ಬರೆಯಬೇಕೆಂದು ಕೂತು, ಹಾಗೇ ಎದ್ದುಹೋದದ್ದು ಎಷ್ಟು ಸಲವೋ. ಮೊದಲು ಪೆನ್ಶನ್ ಆಗಲಿ ಎಂದೆ. ಆಮೇಲೆ ಮಗಳ ಮದುವೆ ಮುಗಿಯಲಿ ಎಂದೆ. ಅಷ್ಟರಲ್ಲಿ ಉಸ್ತಾದರೇ ಹೋಗಿಬಿಟ್ಟರು. ಇನ್ನು ಮುಂದೂಡಲು ನನ್ನ ಬಳಿ ನೆಪ ಉಳಿದಿಲ್ಲ.

ಅವರ ಎಡ ಮೊಣಕಾಲು ಸದ್ದು ಮಾಡುತ್ತಿತ್ತು. ಕುರ್ಚಿಯಿಂದ ಎದ್ದರೆ, ಬಸ್ಸಿನ ಮೆಟ್ಟಿಲು ಹತ್ತಿದರೆ, ಒಣ ಬಿದಿರು ಮುರಿದ ಹಾಗೆ ಕಟ್ ಎನ್ನುತ್ತಿತ್ತು. ಶಿರಸಿ ಬಸ್ ಸ್ಟ್ಯಾಂಡಿನ ಗದ್ದಲದಲ್ಲೂ ನನಗೆ ಅದು ಕೇಳುತ್ತಿತ್ತು. ಬೇರೆಯವರಿಗೆ ಕೇಳುತ್ತಿತ್ತೋ ಇಲ್ಲವೋ, ತಿಳಿಯದು. ಆ ಮೊಣಕಾಲು ಮೊದಲ ಸಲ ಸದ್ದು ಮಾಡಿದಾಗ ಪಕ್ಕದಲ್ಲಿದ್ದವನು ನಾನೊಬ್ಬನೇ.

ಸೈನ್ಯದಲ್ಲಿ, ನಮ್ಮ ಪಲ್ಟಣದಲ್ಲಿ, ಅವರು ನಮಗೆ ಉಸ್ತಾದರು. ಓಡುವುದು, ಹಗ್ಗ ಹತ್ತುವುದು, ಹಳ್ಳ ಜಿಗಿಯುವುದು ಎಲ್ಲವನ್ನೂ ಕಲಿಸುವ ಹವಾಲ್ದಾರರು. ಊರು ಬನವಾಸಿ ಕಡೆ. ನಾನು ಅಲ್ಲೇ ಶಿರಸಿ ಕಡೆಯ ಹುಲಗೋಳದವನು, ಎಸ್ಸೆಸ್ಸೆಲ್ಸಿ ಮುಗಿಸಿ, ಮನೆಯಲ್ಲಿ ಹೇಳದೆ ಭರ್ತಿಯ ಸಾಲಿನಲ್ಲಿ ನಿಂತವನು. ಉತ್ತರದ ಆ ಒಣನಾಡಿನಲ್ಲಿ ಅವರಿಗೆ ಕನ್ನಡದಲ್ಲಿ ಬೈಯಲು ಸಿಕ್ಕವನು ನಾನೊಬ್ಬ. ಹಾಗಾಗಿ ಬೈಗುಳವೆಲ್ಲ ನನ್ನ ಪಾಲಿಗೇ.

“ಏ ಭಟ್ಟಾ, ಪಂಕ್ತಿಗೆ ಕುಂತಂಗ ಕುಂತೀಯಲ್ಲೋ! ಇಲ್ಲಿ ಬಡಸಾವ್ರು ಯಾರೂ ಬರೂದಿಲ್ಲ, ಏಳು!”

ನಕ್ಕರೆ ಮೈದಾನಕ್ಕೆ ಇನ್ನೊಂದು ಸುತ್ತು. ಆದರೆ ರಜೆ ಮುಗಿಸಿ ಬರುವಾಗ ಅವರು ತರುತ್ತಿದ್ದ ಶೇಂಗಾ ಚಟ್ನಿಪುಡಿಯಲ್ಲಿ ಮೊದಲ ಪಾಲು ನನ್ನದು. “ತಿನ್ನು. ನಾಳೆ ಓಡಸ್ತೀನಿ” ಎಂದು ಡಬ್ಬಿ ಮುಂದಿಡುತ್ತಿದ್ದರು. ನಾಳೆ ಓಡಿಸುತ್ತಲೂ ಇದ್ದರು.

ಸಿಪಾಯಿ ಯುದ್ಧಕ್ಕೆ ತಯಾರಿದ್ದಾನೋ ಇಲ್ಲವೋ ಎಂದು ನೋಡುವ ಪರೀಕ್ಷೆಯೊಂದು ನಮಗಿತ್ತು. ಬೆನ್ನಿಗೆ ಹೊರೆ, ಕೈಯಲ್ಲಿ ಬಂದೂಕು, ಐದು ಕಿಲೋಮೀಟರ್ ಓಟ. ಗೊತ್ತುಪಡಿಸಿದ ಸಮಯದೊಳಗೆ ಗೆರೆ ದಾಟಬೇಕು. ದಾಟದಿದ್ದರೆ ಬಡ್ತಿಯ ಮಾತು ಎತ್ತುವಂತಿಲ್ಲ. ಹೊರಡುವ ಮೊದಲು ಹೊರೆಯನ್ನು ತೂಗುತ್ತಿದ್ದರು. ಅದಕ್ಕೆ ನಾವು ಕೆಲವರು ಒಂದು ಕಳ್ಳದಾರಿ ಕಂಡುಕೊಂಡಿದ್ದೆವು. ಚೀಲದಲ್ಲಿ ದಿಂಬು ತುರುಕಿ, ಅದರ ಮೇಲೊಂದು ಕಲ್ಲಿಟ್ಟು ತೂಕ ಸರಿ ಮಾಡಿಕೊಳ್ಳುವುದು. ಮೊದಲ ತಿರುವು ದಾಟುತ್ತಲೇ ಕಲ್ಲನ್ನು ಪೊದೆಗೆ ಎಸೆದು ಹಗುರಾಗಿ ಓಡುವುದು. ಉಸ್ತಾದರಿಗೆ ಇದರ ವಾಸನೆ ಬಡಿದಿತ್ತು. ಒಮ್ಮೊಮ್ಮೆ ಓಟ ಮುಗಿದ ಮೇಲೂ ಚೀಲ ತೂಗಿಸುತ್ತಿದ್ದರು.

“ದಿಂಬು ಹೊತ್ಗೊಂಡು ಯುದ್ಧಕ್ಕ ಹೊಂಟೀರಿ? ವೈರಿ ಮುಂದ ಮಲಗಾಕೇನಲೇ? ಹೊರಿ ಸುಳ್ಳ ಹೇಳಿದ್ರೂ ಗುಡ್ಡ ಖರೇ ಹೇಳತೈತಿ, ನೆನಪಿಟ್ಕೋರಿ.”

ಆ ವರ್ಷ ಅವರೇ ಓಡಬೇಕಿತ್ತು. ನಾಯಬ್ ಸುಬೇದಾರ ಆಗಲು ಅವರಿಗಿದ್ದದ್ದು ಅದೊಂದೇ ಅವಕಾಶ. ತಪ್ಪಿದರೆ ವಯಸ್ಸು ಮೀರಿ ಹವಾಲ್ದಾರರಾಗಿಯೇ ಮನೆಗೆ. ನನಗೂ ಮೊದಲ ಬಡ್ತಿಯ ವರ್ಷ. ಅಂದು ಹೊರೆ ತೂಗಲು ಬೇರೆ ಕಂಪನಿಯವರಿದ್ದರು, ಓಟ ಮುಗಿದ ಮೇಲೆ ಅವರು ತೂಗಲಾರರು ಎಂದುಕೊಂಡೆ. ನಾನು ದಿಂಬು ತುರುಕಿದೆ, ಕಲ್ಲಿಟ್ಟೆ, ತಿರುವಿನಲ್ಲಿ ಎಸೆದೆ.

ಗುಡ್ಡ ಖರೇ ಹೇಳಿತು. ಹಗುರ ಹೊರೆಯೆಂದು ಆರಂಭದಲ್ಲೇ ಜೋರಾಗಿ ಓಡಿ ದಮ್ಮು ಕಳೆದುಕೊಂಡಿದ್ದೆ. ಕೊನೆಯ ದಿಣ್ಣೆಯ ಬುಡದಲ್ಲಿ ಕಣ್ಣು ಕತ್ತಲೆ ಬಂದು ಬಿದ್ದೆ. ಹಿಂದಿದ್ದವರು ಪಕ್ಕದಲ್ಲೇ ಓಡಿಹೋದರು. ಯಾರೂ ನಿಲ್ಲಲಿಲ್ಲ, ನಿಲ್ಲುವ ಪದ್ಧತಿಯೂ ಇರಲಿಲ್ಲ. ಎಲ್ಲರಿಗಿಂತ ಹಿಂದೆ, ತಮ್ಮ ಹದ ಬಿಡದೆ ಓಡಿಬರುತ್ತಿದ್ದ ಉಸ್ತಾದರು ನಿಂತರು.

“ಏಳೋ ಭಟ್ಟಾ.”

“ಎನ್ನ ಹತ್ರ ಆಗ್ತಿಲ್ಲೆ” ಎಂದೆ. ಆ ಹೊತ್ತಿಗೆ ಬಾಯಿಗೆ ಬಂದದ್ದು ಮನೆಮಾತು.

“ಆಗ್ತಿಲ್ಲೆ, ಗೀಗ್ತಿಲ್ಲೆ ಎಲ್ಲಾ ನಿಮ್ಮವ್ವನ ಮುಂದ!” ಎಂದವರೇ ನನ್ನನ್ನು ಚೀಲ ಸಮೇತ ಬೆನ್ನಿಗೇರಿಸಿದರು. ತಮ್ಮ ಹೊರೆಯನ್ನು ಎದೆಗೆ ಹಾಕಿಕೊಂಡರು. ದಿಣ್ಣೆ ಹತ್ತಿದರು. ಅವರ ಉಸಿರು ಹರಕು ತಿದಿಯಂತೆ ಕೇಳುತ್ತಿತ್ತು. ದಿಣ್ಣೆಯ ನೆತ್ತಿಯಲ್ಲಿ, ಆಚೆಯವರ ಕಣ್ಣಿಗೆ ಬೀಳುವ ಮೊದಲು, ನನ್ನನ್ನು ಇಳಿಸಿದರು. ಇಳಿಸುವಾಗ ನನ್ನ ಚೀಲ ಅವರ ಕೈಯಲ್ಲಿತ್ತು. ಅದನ್ನೊಮ್ಮೆ ಅಲ್ಲಾಡಿಸಿ ನೋಡಿದರು. ಮುಖದಲ್ಲಿ ಸಿಟ್ಟೂ ಇರಲಿಲ್ಲ. ದಾರಿಬದಿಯ ಕಲ್ಲೊಂದನ್ನು ಎತ್ತಲು ಬಗ್ಗಿದರು. ಆಗ ಮೊಣಕಾಲು ಕಟ್ ಎಂದಿತು. ತುಟಿ ಕಚ್ಚಿ ಕಲ್ಲನ್ನು ಎತ್ತಿ, ನನ್ನ ಚೀಲಕ್ಕೆ ಹಾಕಿ, ಅದರ ಬಾಯಿ ಬಿಗಿದು ಕಟ್ಟಿದರು.

“ಸುಳ್ಳ ಹೊತ್ಕೊಂಡು ಗೆರಿ ದಾಟಬ್ಯಾಡ. ಇನ್ನ ಇಳಕಲ ಐತಿ, ಓಡು.”

ಓಡಿದೆ. ಸಮಯ ಮೀರಲು ಸ್ವಲ್ಪವೇ ಇರುವಾಗ ಗೆರೆ ದಾಟಿದೆ. ಚೀಲ ತೂಗಿದರು. ಸರಿಯಿತ್ತು. ವಯಸ್ಸಿಗೆ ತಕ್ಕಂತೆ ಉಸ್ತಾದರಿಗೆ ನಮಗಿಂತ ಹೆಚ್ಚು ಸಮಯವಿತ್ತು. ಆದರೂ ಆ ಸಮಯವೂ ಮುಗಿದು ಸೀಟಿ ಊದಿದ ಎಷ್ಟೋ ಹೊತ್ತಿನ ಮೇಲೆ ಅವರು ಕಾಲೆಳೆಯುತ್ತ ಬಂದರು. ಪರೀಕ್ಷೆ ನಡೆಸುತ್ತಿದ್ದ ಸಾಹೇಬರು ಒಳ್ಳೆಯವರು, ಯಾರನ್ನೂ ಕೆಡಿಸಲು ಕಾದವರಲ್ಲ. “ದಾರಿಯಲ್ಲಿ ಏನಾಯಿತು?” ಎಂದು ಕೇಳಿದರು.

“ಕಾಲು ಹೊರಳಿತು, ಸಾಬ್.”

“ಬೇರೆ ಏನಾದರೂ ಕಾರಣವಿದೆಯೇ? ಯಾರಾದರೂ ನೋಡಿದಿರಾ?” ಸಾಹೇಬರು ನಮ್ಮ ಸಾಲಿನ ಕಡೆ ತಿರುಗಿದರು. ನಾನು ಬಿದ್ದದ್ದನ್ನು ಕಂಡವರಿದ್ದರು, ಹೊತ್ತದ್ದನ್ನು ಕಂಡವರಿರಲಿಲ್ಲ. ಕಾರಣ ತಿಳಿದಿದ್ದರೆ ಕಾಲು ವಾಸಿಯಾದ ಮೇಲೆ ಸಾಹೇಬರು ಅವರನ್ನು ಇನ್ನೊಮ್ಮೆ ಓಡಿಸುತ್ತಿದ್ದರು. ನನ್ನ ಓಟ ಮಾತ್ರ ಸುಳ್ಳಾಗುತ್ತಿತ್ತು. ಉಸ್ತಾದರು ನನ್ನನ್ನೇ ನೋಡುತ್ತಿದ್ದರು. ಗದರಿಸುವ ನೋಟವಲ್ಲ. ಪಾಠ ಬರುತ್ತದೆಂದು ನಂಬಿದ ಹುಡುಗನನ್ನು ಮಾಸ್ತರರು ನೋಡುತ್ತಾರಲ್ಲ, ಹಾಗೆ.

ನಾನು ನನ್ನ ಬೂಟು ನೋಡಿದೆ.

ಅವರು ಹವಾಲ್ದಾರರಾಗಿಯೇ ಪೆನ್ಶನ್ ಬಂದರು. ನಾನು ಒಂದೊಂದೇ ಮೆಟ್ಟಿಲು ಹತ್ತಿ ನಾಯಬ್ ಸುಬೇದಾರನಾಗಿ ಬಂದೆ, ಅವರು ಆಗಬೇಕಿದ್ದದ್ದು ನಾನಾದೆ. ಅವರು ಶಿರಸಿ ಪಕ್ಕದ ಇಸಳೂರಿನಲ್ಲಿ ಮನೆ ಕಟ್ಟಿದರು, ನಾನು ಶಿರಸಿಯಲ್ಲಿ. ಸ್ವಾತಂತ್ರ್ಯ ದಿನ ಬಂದರೆ ಧ್ವಜ ಹಾರಿಸಲು ಜನ “ಸುಬೇದಾರ್ ಸಾಹೇಬ್ರೆ, ನೀವೇ ಬರಬೇಕು” ಎಂದು ನನ್ನನ್ನು ಕರೆಯುತ್ತಿದ್ದರು. ಉಸ್ತಾದರು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ಕಟ್. ಯಾರೋ ಒಮ್ಮೆ ಕುಂಟಿನ ಬಗ್ಗೆ ಕೇಳಿದಾಗ, “ಅದಾ? ನಮ್ಮ ಮನಿಯಾಕಿ ಲಟ್ಟಣಗಿ ಒಗದಿದ್ಲು” ಎಂದು ನಗಿಸಿಬಿಟ್ಟರು. ಎಲ್ಲರ ಜೊತೆ ನಾನೂ ನಕ್ಕೆ.

ಇಸಳೂರಿನ ಬಯಲಿನಲ್ಲಿ ಅವರು ಭರ್ತಿಗೆ ಹೋಗುವ ಮಕ್ಕಳನ್ನು ಓಡಿಸುತ್ತಿದ್ದರು. ದೂರದ ನಿಲ್ಕುಂದದಿಂದಲೂ ಮಕ್ಕಳು ಬರುತ್ತಿದ್ದರು. ಮರಳು ತುಂಬಿದ ಚೀಲ ಹೊರಿಸಿ, ಓಟದ ಮುಂಚೆಯೂ ಕೊನೆಗೂ ತೂಗುತ್ತಿದ್ದರು. ಭರ್ತಿಯಲ್ಲಿ ಹೊರೆಯೇ ಇಲ್ಲವಲ್ಲ ಎಂದರೆ, “ಮುಂದ ಐತಿ” ಎನ್ನುತ್ತಿದ್ದರು.

ಒಮ್ಮೆ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಇಬ್ಬರೇ ಚಹಾಕ್ಕೆ ಕೂತಿದ್ದೆವು. ಆವರೆಗೂ ಇಬ್ಬರೇ ಇದ್ದಾಗ ನಾನು ಅವರಿಗೆ ಭಟ್ಟನೇ. ಧೈರ್ಯ ಮಾಡಿ, “ಉಸ್ತಾದ್, ಆವತ್ತು ದಿಣ್ಣೆ ಹತ್ರ...” ಎಂದೆ. ಅವರು ಚಹಾ ಸುರಿದುಕೊಂಡ ಬಸಿಯನ್ನು ತುಟಿಯ ಹತ್ತಿರವೇ ಹಿಡಿದು ಕಾದರು. ಅದೇ ನೋಟ. ನನ್ನ ನಾಲಗೆ ಹೊರಳಿತು.

“ಆವತ್ತು ಬಿಸಿಲು ಬಹಳ ಇತ್ತು, ಅಲ್ದಾ?”

ಅವರು ಬಸಿ ಕೆಳಗಿಟ್ಟರು. “ಹೌದ್ರೀ ಸಾಹೇಬ್ರ. ಭಾಳ ಇತ್ತು.”

ಆಮೇಲೆ ಸಾಯುವವರೆಗೂ ಅವರು ನನ್ನನ್ನು ಭಟ್ಟಾ ಎನ್ನಲಿಲ್ಲ.

ಹೋದ ಮಳೆಗಾಲ ಕಳೆಯುವ ಹೊತ್ತಿಗೆ ಅವರು ತೀರಿಕೊಂಡರು. ಅವರ ಪದ್ಧತಿಯಂತೆ ಕುಳ್ಳಿರಿಸಿ ಹೊರಲು ಚಟ್ಟದ ಬದಲು ವಿಮಾನ ಕಟ್ಟಿದ್ದರು. ಓಡುವ ಮಕ್ಕಳೆಲ್ಲ ಸಮವಸ್ತ್ರದಂತೆ ಬಿಳಿ ಬನಿಯನ್ ಹಾಕಿ ಬಂದಿದ್ದರು. “ಸಾಹೇಬ್ರೂ ಒಂದು ಹೆಗಲು ಕೊಡ್ಲಿ” ಎಂದರು ಯಾರೋ. ನಾನು ಮೊಣಕಾಲು ನೋವೆಂದೆ. ಅವರನ್ನು ಹೊರುವ ಮುಖ ನನಗಿರಲಿಲ್ಲ. ಬಾಯಿಗೆ ಬಂದ ಸುಳ್ಳು ಮಾತ್ರ ಅದೇ ಆಗಬೇಕೇ!

ಮಣ್ಣು ಕೊಟ್ಟು ಬಂದ ಮೇಲೆ ಅವರ ಹೆಂಡತಿ ನನ್ನನ್ನು ಜಗಲಿಯಲ್ಲಿ ಕೂರಿಸಿದರು.

“ಸಾಹೇಬ್ರ, ನೀವು ಅವರ ಜೋಡಿ ಇದ್ದಾವ್ರು. ಆ ಕಾಲು ಹೆಂಗ ಹೋತ್ರೀ? ದಿನಾ ರಾತ್ರಿ ಎಣ್ಣಿ ತಿಕ್ಕೀನಿ, ಒಮ್ಮೆನೂ ಸರಿಯಾಗಿ ಹೇಳಲಿಲ್ಲ. ಕೇಳಿದ್ರ, ಕಲ್ಲ ಎತ್ತಾಕ ಹೋಗಿದ್ದೆ ಅಂತಿದ್ರು. ಯಾರ ಕಲ್ಲು, ಯಾಕ ಎತ್ತಿದ್ರು, ಏನೂ ಹೇಳಲಿಲ್ಲ. ನಿಮಗೇನರ ಗೊತ್ತೇನ್ರೀ?”

“ಗೊತ್ತಿಲ್ಲ ಅಕ್ಕಾ” ಎಂದೆ.

ಆ ಕಲ್ಲನ್ನು ಅವರು ನನ್ನನ್ನು ಉಳಿಸಲು ಹಾಕಿದರೋ, ದಂಡಿಸಲು ಹಾಕಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ. ನಾನು ಹೇಳಿದ ‘ಗೊತ್ತಿಲ್ಲ’ದಲ್ಲಿ ಅಷ್ಟು ಮಾತ್ರ ನಿಜ. ಉಸ್ತಾದರ ಕ್ಷಮೆ ಕೇಳಲಿಲ್ಲವೇಕೆ ಎಂದರೆ, ಅವರು ಸತ್ತರು ಎಂದಾದರೂ ಹೇಳಿಕೊಳ್ಳಬಹುದು. ಆದರೆ ಇಸಳೂರಿನ ಬಸ್ಸು ದಿನವೂ ನಮ್ಮ ಮನೆಯ ಮುಂದೆಯೇ ನಿಂತು ಹೋಗುತ್ತದೆ. ಆ ಬಸ್ಸಿನ ದಾರಿಯ ಕೊನೆಯಲ್ಲಿ, ನಾನು ಯಾರಿಗೆ ಸುಳ್ಳು ಹೇಳಿ ಕ್ಷಮೆ ಕೇಳದೆ ಎದ್ದುಬಂದೆನೋ ಅವರು ಇನ್ನೂ ಬದುಕಿದ್ದಾರೆ: ಆ ಕಾಲಿಗೆ ಎಣ್ಣೆ ತಿಕ್ಕಿದ ಅವರ ಹೆಂಡತಿ.