ಹದಿಮೂರು ಬಾಗು ಹಳಿ

ನನಗೆ ಸುಮ್ಮನೆ ಕುಳಿತುಕೊಳ್ಳಲಿಕ್ಕೆ ಬರುವುದಿಲ್ಲ. ಐವತ್ತು ವರ್ಷ ಬೀಡಿ ಕಟ್ಟಿದ ಕೈ ಇದು, ಖಾಲಿ ಇದ್ದರೆ ಸೆರಗಿನ ತುದಿಯನ್ನಾದರೂ ಸುರುಳಿ ಸುತ್ತುತ್ತಾ ಇರುತ್ತದೆ. ಆದರೆ ಆ ಒಂದು ವಾರ ಕೈಗಿಂತ ಹೆಚ್ಚು ತಲೆ ಓಡಿತು, ಅದೂ ಒಂದು ಆಟದ ರೈಲಿನ ಹಿಂದೆ.

ರೈಲು ಬಂದದ್ದು ಗಲ್ಫಿನಿಂದ. ಅಳಿಯನ ಅಣ್ಣ ತಂದುಕೊಟ್ಟದ್ದು, ಅವರ ಮಕ್ಕಳು ಆಡಿ ಬಿಟ್ಟದ್ದು. ಒಂದು ಇಂಜಿನು, ನಾಲ್ಕು ಡಬ್ಬಿ, ಒಂದು ರಾಶಿ ನೇರ ಹಳಿ, ಹದಿಮೂರು ಬಾಗು ಹಳಿ. ನನ್ನ ಮಗಳ ಮಗಳು ನಾಲ್ಕನೇ ಕ್ಲಾಸು, ಇರುವುದು ಮಣಿಪಾಲದಲ್ಲಿ. ಅಲ್ಲಿ ಫ್ಲಾಟಿನಲ್ಲಿ ದೊಡ್ಡ ಹಾಲ್ ಉಂಟು, ನೆಲ ಕನ್ನಡಿಯ ಹಾಗೆ ಉಂಟು. ಆದರೂ ಪೆಟ್ಟಿಗೆಯನ್ನು ಅಪ್ಪಿಕೊಂಡು ಕಾರ್ಕಳದ ಹತ್ತಿರ ಕುಕ್ಕುಂದೂರಿನ ನನ್ನ ಮನೆಗೆ ಬಂದಳು. ರೈಲು ಅಜ್ಜಿಯ ಕೋಣೆಯಲ್ಲೇ ಓಡಬೇಕಂತೆ. ಆ ದಿನ ನಾನು ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮಂಚವನ್ನು ಕೂಡಲೇ ಚಾವಡಿಗೆ ಹಾಕಿಸಿದೆ, ನನಗೆ ಚಾಪೆ ಸಾಕು.

ಮಂಚ ಹೋದರೂ ಕಬ್ಬಿಣದ ಕಪಾಟು ಹೋಗಲಿಲ್ಲ. ಅದು ಒಂದು ಮೂಲೆಯನ್ನು ಪೂರ್ತಿ ತಿಂದು ನಿಂತಿದೆ, ಜರುಗಿಸಿದರೆ ಇಡಲಿಕ್ಕೆ ಬೇರೆ ಜಾಗ ಇಲ್ಲ. ಅಳಿಯ ಕೋಣೆ ನೋಡಿ ನಕ್ಕರು. "ಇದು ಇಲ್ಲಿ ಆಗುವ ಕೆಲಸ ಅಲ್ಲ ಮಾಮಿ. ಬರುವ ಭಾನುವಾರದೊಳಗೆ ಹಳಿಯ ಸುತ್ತು ಕೂಡದಿದ್ದರೆ ರೈಲನ್ನು ನಾನು ಮನೆಗೆ ಕೊಂಡುಹೋಗುತ್ತೇನೆ" ಎಂದರು.

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ರೈಲು ಎಲ್ಲಿಯೋ ಮಗು ಅಲ್ಲಿ. ಅದು ಮಣಿಪಾಲಕ್ಕೆ ಹೋದರೆ ನನ್ನ ಭಾನುವಾರಗಳೂ ಅದರ ಹಿಂದೆಯೇ ಹೋಗುತ್ತವೆ. ಇದನ್ನು ನಾನು ಯಾರಿಗೂ ಹೇಳಲಿಲ್ಲ.

ಹಳಿಗಳನ್ನು ಜೋಡಿಸಿ ಬಿಚ್ಚಿ ಮಾಡಿದರೆ ಕೊಂಡಿ ಮುರಿಯುತ್ತದೆ ಎಂದು ಮಗು ಎಚ್ಚರಿಸಿ ಹೋಗಿದ್ದಳು. ಹಾಗಾಗಿ ಸೋಮವಾರ ಬೆಳಿಗ್ಗೆ ಹಳೆಯ ಕ್ಯಾಲೆಂಡರ್ ತೆಗೆದು, ಒಂದೊಂದು ಹಳಿಯನ್ನೂ ಅದರ ಮೇಲೆ ಇಟ್ಟು, ಬೀಡಿ ಎಲೆಯ ಕತ್ತರಿಯಿಂದಲೇ ಅದರ ಅಳತೆಗೆ ಕತ್ತರಿಸಿದೆ. ಇದು ನನಗೆ ಗೊತ್ತಿರುವ ಕೆಲಸ. ಎಲೆಯ ಮೇಲೆ ತಗಡಿನ ಅಳತೆ ಇಟ್ಟು, ತೂತು ಎಲ್ಲಿ, ನರ ಎಲ್ಲಿ ನೋಡಿ, ತಿರುಗಿಸಿ ತಿರುಗಿಸಿ ತುಂಡು ತೆಗೆಯುವುದು. ಎಲೆಯ ಚೂರು ಹಾಳಾದರೆ ನನ್ನ ಅಮ್ಮ ಕತ್ತರಿಯ ಹಿಡಿಯಿಂದ ಗೆಣ್ಣಿಗೆ ಕುಟ್ಟುತ್ತಿದ್ದಳು.

ಕಾಗದದ ಹಳಿ ಕೋಣೆಯ ತುಂಬ ಹಾಸಿದೆ. ಫ್ಯಾನಿಗೆ ಹಾರಿತು. ಫ್ಯಾನು ಬಂದ್ ಮಾಡಿ ಬೆವರು ಒರೆಸುತ್ತಾ ಕುಳಿತೆ. ಸುತ್ತು ಕಿಟಕಿಯ ಹತ್ತಿರ ಕೂಡಲಿಲ್ಲ. ಅಲ್ಲಿ ಕೂಡಿಸಿದರೆ ಕಪಾಟಿನ ಹತ್ತಿರ ಬಾಯಿ ಬಿಟ್ಟಿತು. ಮಂಗಳವಾರ ಊಟದ ಮಧ್ಯೆ ಎದ್ದು ಹೋಗಿ ಎಂಜಲು ಕೈಯಲ್ಲೇ ಒಂದು ಬಾಗು ತಿರುಗಿಸಿ ಬಂದೆ. ಬುಧವಾರ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸಾಬೂನಿನಲ್ಲಿ ಗೆರೆ ಹಾಕಿದೆ. ಸೊಸೆಗೆ ನಗು. "ಕಾರ್ಕಳಕ್ಕೇ ರೈಲು ಇಲ್ಲ ಮಾಮಿ, ನಿಮ್ಮ ಕೋಣೆಗೆ ಎಲ್ಲಿಂದ ಬರುತ್ತದೆ?" ಎಂದು ಕೇಳಿದಳು. ಬರುತ್ತದೆ, ನೀನು ಚಹಾ ಮಾರಲಿಕ್ಕೆ ತಯಾರಾಗು ಎಂದೆ. ಹಾಗೆ ಹೇಳಿ ಗೆರೆ ಅಳಿಸಿ ಮತ್ತೆ ಹಾಕಿದೆ. ಶನಿವಾರ ಸಂಜೆಗೂ ಹದಿಮೂರು ಬಾಗು ಸೇರಿಸಿದ ನನ್ನ ಸುತ್ತಿನ ಎರಡು ತುದಿಗಳು ಒಂದಕ್ಕೊಂದು ಒಂದು ಮಾರು ದೂರದಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದವು.

ಭಾನುವಾರ ಮಗು ಕಾರಿನಿಂದ ಇಳಿದವಳು ಚಪ್ಪಲಿಯನ್ನು ಒಂದು ಅಲ್ಲಿ ಒಂದು ಇಲ್ಲಿ ಬಿಟ್ಟು ಓಡಿ ಬಂದಳು. ಸೋತೆ ಎಂದು ಹೇಳುವ ಬದಲು ನಾನು ಕೋಣೆಯ ಬಾಗಿಲು ತೆರೆದು ತೋರಿಸಿದೆ. ಅವಳು ಕಾಗದದ ಮೇಲೆ ಹೆಜ್ಜೆಯ ಮುಂದೆ ಹೆಜ್ಜೆ ಇಟ್ಟು ತಾನೇ ರೈಲಾಗಿ ನಡೆದಳು. ಮೂಲೆಗೆ ಬಂದಾಗ ಮೈ ತಿರುಗಿಸಿದಳು, ಬೆರಳು ಮಡಚಿದಳು. ಕೊನೆಗೆ ಒಂದು ಬಾಗನ್ನು ಹೆಕ್ಕಿ ತೆಗೆದಳು.

"ಅಜ್ಜೀ, ಇದು ಒಂದು ಬೇಡ."

"ಬೇಡ ಎಂದರೆ ಎಂತ ಮಗಾ? ಪೆಟ್ಟಿಗೆಯಲ್ಲಿ ಇದ್ದದ್ದು ಎಲ್ಲ ಹಾಕಬೇಕಲ್ವಾ?"

"ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ. ನಾನೇ ಎಲೆಯ ಚೂರಿನ ಹಾಗೆ ಒಂದು ಹಳಿಯೂ ಉಳಿಯಬಾರದು ಎಂದು ವಾರವಿಡೀ ಹಟ ಹಿಡಿದದ್ದು. ಮಗು ನನಗೆ ತಿಳಿಯುವ ಹಾಗೆ ಹೇಳಿದಳು. ಒಂದು ಮೂಲೆ ತಿರುಗಲಿಕ್ಕೆ ಎರಡು ಬಾಗು ಬೇಕು. ಕಪಾಟು ಇರುವುದರಿಂದ ಕೋಣೆಯಲ್ಲಿ ಐದು ಮೂಲೆ ಈ ಕಡೆಗೆ ತಿರುಗುತ್ತವೆ, ಕಪಾಟಿನ ಹತ್ತಿರ ಒಂದು ಆ ಕಡೆಗೆ. ಒಟ್ಟು ಹನ್ನೆರಡು ಸಾಕು. ಹದಿಮೂರನೆಯದಕ್ಕೆ ಜೊತೆ ಇಲ್ಲ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಅದು ನೀರು ಕುಡಿದಷ್ಟು ಸುಲಭದಲ್ಲಿ ಗೊತ್ತಾಯಿತು, ಒಂದು ವಾರದ ನಂತರ.

ನಾನೂ ಅವಳೂ ಮೊಣಕಾಲೂರಿ ನಿಜವಾದ ಹಳಿ ಜೋಡಿಸಿದೆವು. ಕೊನೆಯ ಕೊಂಡಿ ಟಕ್ ಎಂದಿತು. ಅಳಿಯ ಖಾಲಿ ಪೆಟ್ಟಿಗೆ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು. ಇಂಜಿನು ಹೊರಟಿತು. ಕಪಾಟಿನ ಮೂಲೆಯಲ್ಲಿ ಸ್ವಲ್ಪ ತಡವರಿಸಿತು. ಮತ್ತೆ ಕಿಟಕಿಯ ಕೆಳಗಿನಿಂದ ನಾಲ್ಕೂ ಡಬ್ಬಿ ಎಳೆದುಕೊಂಡು ನನ್ನ ಮೊಣಕಾಲಿನ ಬಳಿಗೇ ಬಂತು. ಮಗು ನನ್ನ ಕುತ್ತಿಗೆಗೆ ಜೋತುಬಿದ್ದಳು. ನಾನು ಅತ್ತೆನೋ ನಕ್ಕೆನೋ, ಸೊಸೆಯನ್ನೇ ಕೇಳಬೇಕು.

ಅಳಿಯ ಸ್ಟೂಲು ಹತ್ತಿ ಪೆಟ್ಟಿಗೆಯನ್ನು ನನ್ನ ಅಟ್ಟಕ್ಕೆ ಹಾಕಿದರು.

ಉಳಿದ ಬಾಗು ಈಗ ಕಿಟಕಿಯ ದಂಡೆಯಲ್ಲಿ ಉಂಟು. ದಿನಕ್ಕೆ ಹತ್ತು ಸಲ ಎತ್ತಿ ನೋಡುತ್ತೇನೆ. ಉಳಿಯಲಿ ಬಿಡಿ ಎಂದು ಮಗು ಹೇಳಿದ್ದಾಳೆ. ಆದರೂ ಇಂದು ಶುಕ್ರವಾರ, ಅವಳು ಬರಲಿಕ್ಕೆ ಇನ್ನೂ ಎರಡು ದಿನ ಉಂಟು, ಇದನ್ನೂ ಎಲ್ಲಾದರೂ ಕೂಡಿಸು ಎನ್ನುವ ಈ ಕೈ ಕೇಳಬೇಕಲ್ಲ.